ಕೆಮ್ಮುವ ಕುದುರೆ, ಕೆಮ್ಮದ ಕತ್ತೆ

ವೈಟ್‌ಫೀಲ್ಡ್, ವರ್ತೂರು, ಗುಂಜೂರು, ಸರ್ಜಾಪುರದ ಕಡೆ ಕುದುರೆ ಕೆಮ್ಮಿದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಧೂಳು. ಅದು ಸುಳ್ಳಲ್ಲ. ಲಾಯದ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇರುತ್ತವೆ, ಜಲ್ಲಿ ಲಾರಿಗಳು ರಾತ್ರಿಯಿಡೀ ಓಡುತ್ತವೆ, ಒಣಹುಲ್ಲಿನ ಕಟ್ಟು ಬಿಚ್ಚಿದರೆ ಬೂಷ್ಟಿನ ವಾಸನೆ ಮೂಗಿಗೆ ಅಡರುತ್ತದೆ. ಇವೆಲ್ಲದರಿಂದ ಕುದುರೆಗೆ ಉಬ್ಬಸ ಬರುವುದು ನಿಜವೇ. ಆದರೆ ಒಮ್ಮೆ ಧೂಳು ಅಂದುಬಿಟ್ಟರೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪಶುವೈದ್ಯೆಯಾದ ನನಗೆ ಆ ಮುಂದಿನ ಪ್ರಶ್ನೆಯ ಬೆಲೆ ತಿಳಿದದ್ದು ವರ್ತೂರಿನಾಚೆಯ ಒಂದು ಸಣ್ಣ ಸವಾರಿ ಶಾಲೆಯಲ್ಲಿ.

ಅಲ್ಲಿದ್ದದ್ದು ಹೆಚ್ಚಾಗಿ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು. ಅವುಗಳಲ್ಲಿ ಮೂರು, ಮಳೆಗಾಲ ಮುಗಿದಾಗಿನಿಂದ ಕೆಮ್ಮುತ್ತಿದ್ದವು. ಜ್ವರವಿಲ್ಲ, ಮೇವು ಬಿಟ್ಟಿಲ್ಲ, ಮೂಗಿನಲ್ಲಿ ಕೀವಿಲ್ಲ. ಸ್ವಲ್ಪ ಓಡಿಸಿದರೆ ಸಾಕು, ಕತ್ತು ಚಾಚಿ ಕೆಮ್ಮು ಶುರು. ಮಾಲೀಕರು ಹುಲ್ಲನ್ನು ನೀರಲ್ಲಿ ನೆನೆಸಿ ಹಾಕಿ ನೋಡಿದ್ದರು, ಮರದ ಹೊಟ್ಟಿನ ಬದಲು ರಬ್ಬರ್ ಹಾಸು ಹಾಕಿಸಿದ್ದರು. ಆಂಟಿಬಯೋಟಿಕ್ಕೂ ಒಂದು ಸುತ್ತು ಮುಗಿದಿತ್ತು. ಕೆಮ್ಮು ಮಾತ್ರ ಹೋಗಿರಲಿಲ್ಲ.

ಕೆಮ್ಮುವ ಕುದುರೆ ಎದುರಿಗಿದ್ದಾಗ ಮೊದಲು ಗ್ಲ್ಯಾಂಡರ್ಸ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದು ಮನುಷ್ಯರಿಗೂ ಅಂಟುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಖಚಿತವಾದರೆ ಪ್ರಾಣಿಯನ್ನು ಉಳಿಸಿಕೊಳ್ಳುವಂತಿಲ್ಲ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗಿ, ನೆಗೆಟಿವ್ ಎಂದು ವರದಿ ಬರುವ ತನಕ ಲಾಯದ ಹುಡುಗರ ಮುಖದಲ್ಲಿ ಕಳೆಯಿರಲಿಲ್ಲ.

ಲದ್ದಿ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಬಹಳಷ್ಟು ಜನ ಕೈಬಿಡುವುದು ಇಲ್ಲೇ. ಕತ್ತೆಯ ಶ್ವಾಸಕೋಶದ ಹುಳು, ಅಂದರೆ ಡಿಕ್ಟಿಯೋಕಾಲಸ್ ಆರ್ನ್‌ಫೀಲ್ಡಿ, ದೊಡ್ಡ ಕುದುರೆಯ ಶ್ವಾಸಕೋಶಕ್ಕೆ ಇಳಿದರೂ ಹೆಚ್ಚಾಗಿ ಅಲ್ಲಿ ಪ್ರಾಯಕ್ಕೆ ಬರುವುದಿಲ್ಲ. ಬಲಿಯದ ಹುಳ ಮೊಟ್ಟೆ ಇಡುವುದಿಲ್ಲ, ಮೊಟ್ಟೆಯಿಲ್ಲದೆ ಲದ್ದಿಯಲ್ಲಿ ಮರಿಹುಳ ಕಾಣುವುದಿಲ್ಲ. ಹೀಗೆ ಕುದುರೆ ತಿಂಗಳುಗಟ್ಟಲೆ ಕೆಮ್ಮುತ್ತದೆ, ಲದ್ದಿಯ ವರದಿಯಲ್ಲಿ ಮಾತ್ರ ಏನೂ ಇರುವುದಿಲ್ಲ. ಹಾಗಾಗಿ ಶ್ವಾಸನಾಳಕ್ಕೆ ಸ್ವಲ್ಪ ಸಲೈನ್ ಬಿಟ್ಟು ವಾಪಸ್ ಎಳೆದು ನೋಡಿದೆವು. ಅದರಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ತುಂಬಿದ್ದವು. ಅಲರ್ಜಿಯಲ್ಲೂ ಅವು ಏರಬಹುದು, ಆದರೆ ಇಷ್ಟೊಂದು ಕಂಡಾಗ ಹುಳದ ಗುಮಾನಿ ಬಾರದೆ ಇರದು. ಕುದುರೆಗಳನ್ನು ಅಲ್ಲಿಗೇ ಬಿಟ್ಟು, ಸೈಸ್ ಹುಡುಗನನ್ನು ಕರೆದು ಕೇಳಿದೆ: ಇಲ್ಲೆಲ್ಲಾದರೂ ಕತ್ತೆ ಇದಾವೇನಪ್ಪ?

“ಪಕ್ಕದ ಲೇಔಟ್‌ನಾಗೆ ರಾತ್ರಿ ಮೇಯ್ತಾವಲ್ಲ ಡಾಕ್ಟ್ರಮ್ಮ. ಬೆಳಿಗ್ಗೆ ಅವು ಹೋದ್ಮೇಲೆ ಅದೇ ಜಾಗಕ್ಕೆ ನಾವು ಕುದ್ರೆ ಬಿಡೋದು.”

ಈ ಪ್ರಶ್ನೆ ನಮ್ಮ ಕಡೆ ಕೇಳುವವರೇ ಇಲ್ಲದಂತಾಗಿರುವುದಕ್ಕೆ ಕಾರಣವಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು, 2019ರ ಹೊತ್ತಿಗೆ ಉಳಿದದ್ದು 1.2 ಲಕ್ಷ. ಬಟ್ಟೆಯ ಗಂಟು, ಮರಳು, ಇಟ್ಟಿಗೆ ಹೊರುತ್ತಿದ್ದ ಕತ್ತೆಯ ಕೆಲಸವನ್ನು ವಾಷಿಂಗ್ ಮಷೀನೂ ಟಿಪ್ಪರೂ ಕಿತ್ತುಕೊಂಡವು. ಐಟಿ ಪಾರ್ಕಿನ ಗೋಡೆಯ ಪಕ್ಕ ಕತ್ತೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಆದರೂ ಅವು ಇವೆ. ಮಾರಾಟವಾಗದ ಸೈಟುಗಳಲ್ಲಿ, ಕೆರೆಯ ಅಂಚಿನಲ್ಲಿ, ರಾಜಕಾಲುವೆಯ ದಡದಲ್ಲಿ ಮೇಯುತ್ತಿರುತ್ತವೆ.

ಆ ಕತ್ತೆಗಳು ಬೀದಿ ಬೀದಿ ತಿರುಗಿ ಕತ್ತೆ ಹಾಲು ಮಾರುವ ಒಬ್ಬ ಅಜ್ಜಿಯವು. ನಾನು ಹೋಗಿ ಲದ್ದಿ ಕೇಳಿದಾಗ ಅಜ್ಜಿ ಸಿಟ್ಟಾದರು. “ನಮ್ ಕತ್ತೆಗೇನಾಗೈತಮ್ಮ? ಕೆಮ್ಮಿಲ್ಲ, ದಮ್ಮಿಲ್ಲ, ಗುಂಡ್‌ಕಲ್ಲಿದ್ದಂಗೈತೆ. ಆ ಕುದ್ರೆ ಕೆಮ್ಮಿದ್ರೆ ನಮ್ ತಲೆಗ್ಯಾಕೆ ಕಟ್ತೀರಾ?” ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕತ್ತೆ ಈ ಹುಳದ ಸಹಜ ಮನೆ. ಹುಳ ಅಲ್ಲಿ ಬಲಿತು, ಮೊಟ್ಟೆಯಿಟ್ಟು, ವರ್ಷಗಟ್ಟಲೆ ಇದ್ದರೂ ಬಹುಪಾಲು ಕತ್ತೆಗಳು ಕೆಮ್ಮುವುದೂ ಇಲ್ಲ. ಹೇಸರಗತ್ತೆಯೂ ಹೀಗೇ ಹುಳ ಹೊತ್ತು ತಿರುಗಬಲ್ಲದು. ಇಂಥ ಕಡೆ ಆರೋಗ್ಯವಾಗಿ ಕಾಣುವ ಪ್ರಾಣಿಯನ್ನೇ ಮೊದಲು ಪರೀಕ್ಷಿಸಬೇಕು. ನಾನು ಅಲ್ಲಿಂದ ತಂದ ದೊಡ್ಡ ಪಾಠ ಇದು.

ಪರೀಕ್ಷೆ ಸುಲಭ, ಅಗ್ಗ. ಆಗತಾನೆ ಹಾಕಿದ ಲದ್ದಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಉಗುರುಬೆಚ್ಚಗಿನ ನೀರು ತುಂಬಿದ ಆಲಿಕೆಯಲ್ಲಿ ರಾತ್ರಿಯಿಡೀ ಇಳಿಬಿಡುವುದು. ಮರಿಹುಳಗಳು ಬಟ್ಟೆಯಿಂದ ಹೊರಬಂದು ಆಲಿಕೆಯ ಬುಡದ ರಬ್ಬರ್ ಕೊಳವೆಗೆ ಇಳಿಯುತ್ತವೆ. ಬೆಳಿಗ್ಗೆ ಕ್ಲಿಪ್ಪು ಸಡಿಲಿಸಿ ಒಂದೆರಡು ಹನಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆಯಿತು. ಬೇರ್ಮನ್ ಎಂಬ ವೈದ್ಯ 1917ರಲ್ಲಿ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಹುಡುಕಲು ಕಂಡುಕೊಂಡ ಉಪಾಯವಿದು; ನೂರು ವರ್ಷ ದಾಟಿದರೂ ಇದಕ್ಕಿಂತ ಸರಳವಾದದ್ದು ನಮಗೆ ಬೇಕಾಗಿಲ್ಲ. ಅಜ್ಜಿಯ ಕತ್ತೆಗಳ ಲದ್ದಿಯಲ್ಲಿ, ಬಾಲದ ತುದಿಯಲ್ಲಿ ಪುಟ್ಟ ಮುಳ್ಳಿರುವ ಮರಿಹುಳಗಳು ಧಾರಾಳವಾಗಿ ಸಿಕ್ಕವು.

ಹುಳದ ದಾರಿ ಹೀಗೆ: ಕತ್ತೆಯ ಶ್ವಾಸನಾಳದಲ್ಲಿ ಇಟ್ಟ ಮೊಟ್ಟೆ ಕಫದ ಜೊತೆ ಗಂಟಲಿಗೆ ಬಂದು, ನುಂಗಲ್ಪಟ್ಟು, ಲದ್ದಿಯಲ್ಲಿ ಹೊರಬೀಳುತ್ತದೆ. ಬೇಗನೆ ಒಡೆದು ಮರಿಯಾಗುತ್ತದೆ. ಬೆಚ್ಚಗೆ, ಒದ್ದೆಯಾಗಿದ್ದರೆ ವಾರದೊಳಗೆ ಆ ಮರಿ ಸೋಂಕು ತಗುಲಿಸುವಷ್ಟು ಬೆಳೆದು ಹುಲ್ಲಿಗೆ ಏರುತ್ತದೆ. ಲದ್ದಿಯ ಮೇಲೆ ಬೆಳೆಯುವ ಪೈಲೊಬೋಲಸ್ ಎಂಬ ಬೂಷ್ಟು ತನ್ನ ಬೀಜಕೋಶವನ್ನು ಮಾರು ದೂರ ಚಿಮ್ಮಿಸುತ್ತದೆ. ದನಗಳ ಶ್ವಾಸಕೋಶದ ಹುಳ ಅದರ ಮೇಲೇರಿ ಹರಡುವುದು ಚೆನ್ನಾಗಿ ಗೊತ್ತಿರುವ ವಿಷಯ, ಕತ್ತೆಯ ಹುಳಕ್ಕೂ ಅದೇ ವಾಹನ ಇರಬಹುದೆನ್ನುತ್ತಾರೆ. ಹುಲ್ಲಿನ ಜೊತೆ ಹೊಟ್ಟೆಗೆ ಹೋದ ಮರಿ ಕರುಳಿನ ಗೋಡೆ ದಾಟಿ ಶ್ವಾಸಕೋಶ ಸೇರುತ್ತದೆ.

ಈ ಮರಿಹುಳಗಳಿಗೆ ಒಣಗುವುದನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ. ನಮ್ಮ ಬಯಲುಸೀಮೆಯ ಗೋಮಾಳ ಬೇಸಿಗೆಯಲ್ಲಿ ಸುಟ್ಟು ಹೋಗುತ್ತಿದ್ದಾಗ ನೆಲ ತನ್ನಷ್ಟಕ್ಕೆ ಶುದ್ಧವಾಗುತ್ತಿತ್ತು. ಈಗ ಆ ಲೇಔಟ್ ನೋಡಿ: ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು ಸದಾ ಹರಿಯುತ್ತದೆ, ಏಪ್ರಿಲ್‌ನಲ್ಲೂ ಹುಲ್ಲು ಹಸಿರು. ಮೇಯುವ ಪ್ರಾಣಿಗೆ ಅದು ಹಬ್ಬ, ಹುಳಕ್ಕೂ ಹಬ್ಬ. ಹಸಿರು ಕಂಡರೆ ಒಳ್ಳೆಯ ಮೇವು ಎಂದು ಈ ಭಾಗದಲ್ಲಿ ಇನ್ನು ಸುಮ್ಮನೆ ಒಪ್ಪಿಕೊಳ್ಳಲು ನನಗಾಗುವುದಿಲ್ಲ.

ಔಷಧಿಯ ಮಾತು ಚಿಕ್ಕದು. ಐವರ್ಮೆಕ್ಟಿನ್ ಪೇಸ್ಟು, ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಬಾಯಿಗೆ. ನೂರು ಕಿಲೋ ಕತ್ತೆಗೆ 20 ಮಿಲಿಗ್ರಾಂ. ದನಕ್ಕೆ ಚುಚ್ಚುವ ಐವರ್ಮೆಕ್ಟಿನ್ನನ್ನೇ ಕುದುರೆಗೂ ಚುಚ್ಚುವವರಿದ್ದಾರೆ, ದಯವಿಟ್ಟು ಬೇಡ. ಚುಚ್ಚಿದ ಜಾಗ ಕೆಟ್ಟದಾಗಿ ಬಾತು ಕೊಳೆಯುವ ಅಪಾಯವಿದೆ.

ಕಷ್ಟವಿದ್ದದ್ದು ಹಾಲಿನಲ್ಲಿ. ಐವರ್ಮೆಕ್ಟಿನ್ ಹಾಲಿಗೆ ಇಳಿಯುತ್ತದೆ. ಅಜ್ಜಿಯ ಹಾಲು ಹೋಗುವುದು ಬಾಣಂತಿ ಮನೆಗಳಿಗೆ, ಒಳಲೆಯಲ್ಲಿ ಹಸುಗೂಸಿನ ಬಾಯಿಗೆ. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು, ಹಸಿ ಕತ್ತೆ ಹಾಲು ಕುಡಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಅಜ್ಜಿಗೂ ಅದನ್ನೇ ಹೇಳಿದೆ. ಆದರೆ ಅದು ಅವರ ಅನ್ನ. ಔಷಧಿ ಕೊಟ್ಟು ವಾರಗಟ್ಟಲೆ ಮಾರಬೇಡಿ ಎಂದರೆ ಮನೆ ನಡೆಯುವುದು ಹೇಗೆ? ಸವಾರಿ ಶಾಲೆಯ ಮಾಲೀಕರ ಜೊತೆ ಕೂತು ಮಾತಾಡಿದೆ. ಕತ್ತೆಗಳನ್ನು ಓಡಿಸಲು ಸೆಕ್ಯೂರಿಟಿಯವರನ್ನು ಇಡುವ ಖರ್ಚಿಗಿಂತ, ಹಾಲು ನಿಲ್ಲಿಸಿದ ದಿನಗಳಿಗೆ ಅಜ್ಜಿಗೆ ದುಡ್ಡು ಕೊಡುವುದು ಕಡಿಮೆ ಎಂದು ಅವರೇ ಲೆಕ್ಕ ಹಾಕಿದರು. ಕೊಟ್ಟರು ಕೂಡ. ಓಡಿಸಿದ್ದರೆ ಆ ಕತ್ತೆಗಳು ಇನ್ನೊಂದು ಕುದುರೆಯ ಹುಲ್ಲಿಗೆ ಹೋಗುತ್ತಿದ್ದವು, ಅಷ್ಟೇ.

ಕತ್ತೆ, ಕುದುರೆ ಎಲ್ಲಕ್ಕೂ ಒಂದೇ ದಿನ ಔಷಧಿ ಹಾಕಿದೆವು. ಕುದುರೆಗಳನ್ನು ಆ ಹುಲ್ಲಿನಿಂದ ದೂರವಿಟ್ಟೆವು. ಲದ್ದಿಯನ್ನು ಪ್ರತಿದಿನ ಎತ್ತಿ ರಾಶಿ ಹಾಕಿದರೆ ಅದರ ಕಾವಿಗೆ ಮರಿಹುಳ ಸಾಯುತ್ತದೆ, ಮಾಗಿದ ಗೊಬ್ಬರವನ್ನು ಗುಂಜೂರಿನ ಸೊಪ್ಪಿನ ತೋಟದವರು ಸಂತೋಷದಿಂದ ಒಯ್ಯುತ್ತಾರೆ. ಕೆಮ್ಮು ಮೆಲ್ಲಗೆ ಇಳಿಯಿತು. ಒಂದು ಕುದುರೆಗೆ ಮಾತ್ರ ಧೂಳಿನ ಉಬ್ಬಸವೂ ಜೊತೆಗಿತ್ತು, ಅದಕ್ಕೆ ಈಗಲೂ ನೆನೆಸಿದ ಹುಲ್ಲೇ.

ಆನೇಕಲ್, ದೇವನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಈಗ ಕುದುರೆಗೆ ಜೊತೆಯಾಗಲೆಂದು ಕತ್ತೆ ತರುವವರು ಫೋನ್ ಮಾಡುತ್ತಾರೆ. ತನ್ನಿ, ಒಳ್ಳೆಯ ಜೊತೆ. ಆದರೆ ಹುಲ್ಲಿಗೆ ಬಿಡುವ ಮುನ್ನ ಅದರ ಲದ್ದಿ ಪರೀಕ್ಷೆ ಮಾಡಿಸಿ. ಎರಡರಿಂದ ನಾಲ್ಕು ತಿಂಗಳ ಬಳಿಕ ಇನ್ನೊಮ್ಮೆ ಮಾಡಿಸಿ, ಏಕೆಂದರೆ ಹೊಸದಾಗಿ ಸೇರಿದ ಹುಳ ಮೊಟ್ಟೆ ಇಡಲು ಅಷ್ಟು ಕಾಲ ಬೇಕು. ಲದ್ದಿ ತಾಜಾ ಇರಲಿ. ನೆಲದ ಮೇಲೆ ಹಳತಾದದ್ದರಲ್ಲಿ ಮಣ್ಣಿನ ಹುಳಗಳೂ ಸೇರಿಕೊಂಡು ನೋಡುವವರ ಕಣ್ಣು ತಪ್ಪಿಸುತ್ತವೆ.