ದಾರಿಯ ಹಕ್ಕು ಮತ್ತು ಕಿವಿಯ ಮೊಬೈಲು

ದಾರಿ ಬದಿಯಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟುಬಿಡಬೇಕೆಂದು ಪ್ರವಾದಿವರ್ಯರು(ಸ) ಒಮ್ಮೆ ಸಹಾಬಿಗಳಿಗೆ ತಿಳಿಸಿದರು. ಮಾತುಕತೆಗೆ ತಮಗೆ ಬೇರೆ ಸ್ಥಳವಿಲ್ಲವೆಂದು ಅವರು ಅರಿಕೆ ಮಾಡಿಕೊಂಡಾಗ, ಹಾಗಾದರೆ ದಾರಿಗೆ ಸಲ್ಲಬೇಕಾದ ಹಕ್ಕನ್ನು ಸಲ್ಲಿಸಬೇಕೆಂದು ಅಪ್ಪಣೆಯಾಯಿತು. ದೃಷ್ಟಿ ತಗ್ಗಿಸುವುದು, ಯಾರಿಗೂ ಉಪದ್ರವ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸುವುದು, ಕೆಡುಕನ್ನು ತಡೆಯುವುದು - ಇವು ಆ ಹಕ್ಕುಗಳೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ದಾರಿಯ ಪಕ್ಕದಲ್ಲಿ ಸುಮ್ಮನೆ ಕುಳಿತವನ ಮೇಲೆಯೇ ಇಷ್ಟು ಹೊಣೆಗಳಿದ್ದರೆ, ಅದೇ ದಾರಿಯ ನಡುವೆ ಕಬ್ಬಿಣದ ವಾಹನವನ್ನು ಓಡಿಸಿಕೊಂಡು ಹೋಗುವವನ ಹೊಣೆ ಎಷ್ಟಿರಬೇಕು?

ಇತರರಿಗೆ ಉಪದೇಶಿಸುವ ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಮಳೆಗಾಲದ ಒಂದು ಮುಂಜಾನೆ, ಸುಬ್‌ಹಿ ನಮಾಝ್ ಮುಗಿಸಿ ಸ್ಕೂಟರಿನಲ್ಲಿ ಮದ್ರಸಕ್ಕೆ ಹೊರಟಿದ್ದೆ. ಕಿಸೆಯಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ಒಂದು ಕೈಯಿಂದ ಅದನ್ನು ತೆಗೆದು, ನಮ್ಮೂರಿನ ಎಲ್ಲರೂ ಮಾಡುವಂತೆ, ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಸಿಕ್ಕಿಸಿದೆ. ಮಗುವೊಂದರ ತಂದೆ ಕೇಳುತ್ತಿದ್ದರು: "ಉಸ್ತಾದರೇ, ಇವತ್ತು ಮದ್ರಸ ಉಂಟಾ?" ಉಂಟು ಎಂದು ಹೇಳಿ ಮುಗಿಸುವಷ್ಟರಲ್ಲಿ ಕನ್ನಡಿಗೆ ಏನೋ ತಗಲಿತು. ಕೊಡೆ ಹಿಡಿದು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ, ನನ್ನದೇ ಮೂರನೇ ತರಗತಿಯ ಹುಡುಗ ಚರಂಡಿಯ ಬದಿಗೆ ಬಿದ್ದಿದ್ದ. ಕಿತಾಬು ಕೆಸರು ನೀರಿನಲ್ಲಿತ್ತು. ಅಲ್ಲಾಹನ ದಯೆಯಿಂದ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹುಡುಗ ಎದ್ದು ನಿಂತು ಮೊದಲು ಮಾಡಿದ ಕೆಲಸ ನನಗೆ ಸಲಾಮ್ ಹೇಳಿದ್ದು. ತಪ್ಪು ತನ್ನದೇ ಇರಬೇಕು, ಉಸ್ತಾದರದ್ದು ಆಗಿರಲಿಕ್ಕಿಲ್ಲ ಎಂಬ ಹೆದರಿಕೆ ಅವನ ಮುಖದಲ್ಲಿತ್ತು. ವಾಹನವೇರಿದವನು ಕಾಲ್ನಡಿಗೆಯವನಿಗೆ ಮೊದಲು ಸಲಾಮ್ ಹೇಳಬೇಕೆಂಬ ಹದೀಸನ್ನು ಅದೇ ತರಗತಿಗೆ ನಾನು ಕಲಿಸಿದ್ದೆ. ಸಲಾಮ್ ಹೇಳಬೇಕಾದರೆ ಎದುರಿಗಿರುವವನು ಕಣ್ಣಿಗೆ ಬೀಳಬೇಕು. ನನಗೆ ಅವನು ಕಂಡೇ ಇರಲಿಲ್ಲ.

ಹಾಗೆಂದು ನನ್ನ ಕಣ್ಣು ಮುಚ್ಚಿರಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದೆ. ಇದರ ಗುಟ್ಟನ್ನು ತಿಳಿದವರು ವಿವರಿಸಿದ್ದಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದೀಚೆಗೆ ನಡೆಸಿದ ಪರೀಕ್ಷೆಗಳಲ್ಲಿ, ಫೋನಿನಲ್ಲಿ ಮಾತನಾಡುತ್ತಾ ವಾಹನ ಓಡಿಸುವವನ ಕಣ್ಣು ವಸ್ತುವಿನ ಮೇಲೆ ಬಿದ್ದರೂ ಮನಸ್ಸು ಅದನ್ನು ಗ್ರಹಿಸುವುದಿಲ್ಲವೆಂದು ಕಂಡುಬಂತು. ಅದಕ್ಕೂ ಮೊದಲು, 1997ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ ಅಪಘಾತಕ್ಕೀಡಾದ 699 ಮಂದಿ ಚಾಲಕರ ಫೋನಿನ ಲೆಕ್ಕಗಳನ್ನು ಪರಿಶೀಲಿಸಿದಾಗ, ಮಾತನಾಡುವ ವೇಳೆಯಲ್ಲಿ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ತಿಳಿದುಬಂದಿತ್ತು. ಕೈಯಲ್ಲಿ ಹಿಡಿಯದೆ ಮಾತನಾಡುವ ಸಾಧನಗಳಿಂದಲೂ ಅಲ್ಲಿ ಲಾಭ ಕಾಣಲಿಲ್ಲ. ಆದ್ದರಿಂದ ಕಿವಿಗೆ ವಯರು ಸಿಕ್ಕಿಸಿಕೊಂಡಿದ್ದೇನೆ, ಎರಡೂ ಕೈ ಹ್ಯಾಂಡಲಿನ ಮೇಲಿದೆ ಎಂದು ಸಮಾಧಾನಪಡುವವರು ಎಚ್ಚೆತ್ತುಕೊಳ್ಳುವುದು ಒಳ್ಳೆಯದು. ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಪಕ್ಕದಲ್ಲಿ ಕುಳಿತವನಿಗೆ ಎದುರಿನ ಲಾರಿ ಕಾಣುತ್ತದೆ. ಆತ ಮಾತು ನಿಲ್ಲಿಸುತ್ತಾನೆ, ಕೆಲವೊಮ್ಮೆ ಕೂಗಿ ಎಚ್ಚರಿಸುತ್ತಾನೆ. ಫೋನಿನ ಆ ತುದಿಯಲ್ಲಿರುವವನಿಗೆ ಏನೂ ಕಾಣುವುದಿಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿದ್ದರೂ ಆತ ಮದುವೆಯ ಲೆಕ್ಕವನ್ನೇ ಕೇಳುತ್ತಿರುತ್ತಾನೆ.

ಇನ್ನು ಪರದೆಯ ಮೇಲೆ ಸಂದೇಶ ಓದುವವರ ಲೆಕ್ಕವನ್ನು ಮಕ್ಕಳೂ ಮಾಡಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಓಡುತ್ತದೆ. ಐದು ಸೆಕೆಂಡು ತಲೆ ಬಗ್ಗಿಸಿದರೆ 80 ಮೀಟರಿಗೂ ಹೆಚ್ಚು ದೂರವನ್ನು ಕುರುಡನಂತೆ ಕ್ರಮಿಸಿದ ಹಾಗೆ. ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಶಾಲೆ, ಮಸೀದಿ, ಬಸ್ ನಿಲ್ದಾಣಗಳಿರುವ ನಮ್ಮ ಕರಾವಳಿಯಲ್ಲಿ ಅಷ್ಟು ದೂರದೊಳಗೆ ಎಷ್ಟು ಮಂದಿ ರಸ್ತೆ ದಾಟುತ್ತಿರುತ್ತಾರೆ! 2022ರ ಒಂದೇ ವರ್ಷ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿಯೆಂದು ಕೇಂದ್ರ ಸರಕಾರದ ವರದಿ ತಿಳಿಸಿದೆ. ಕಾರಣಗಳು ಹಲವು, ಮೊಬೈಲು ಅವುಗಳಲ್ಲೊಂದು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ, ಕೈಯಲ್ಲಿ ಫೋನು ಹಿಡಿದು ಓಡಿಸುವುದು 184ನೇ ಕಲಮಿನ ಪ್ರಕಾರ ಅಪಾಯಕಾರಿ ಚಾಲನೆ. ಅದಕ್ಕೆ ದಂಡವೂ ಉಂಟು, ಸೆರೆವಾಸವೂ ಉಂಟು. ಯು.ಎ.ಇ.ಯಲ್ಲಿ ಇದಕ್ಕೆ 2017ರಲ್ಲಿ 800 ದಿರ್ಹಮ್ ದಂಡ ಹಾಗೂ ನಾಲ್ಕು ಕಪ್ಪು ಅಂಕಗಳನ್ನು ನಿಗದಿಪಡಿಸಲಾಯಿತು. ಅಲ್ಲಿ ದುಡಿಯುವ ನಮ್ಮ ಸಹೋದರರು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಅದೇ ಸಹೋದರರು ರಜೆಯಲ್ಲಿ ಊರಿಗೆ ಬಂದು ಬಾಡಿಗೆ ಕಾರು ಹಿಡಿದ ಕೂಡಲೇ ಎಲ್ಲವನ್ನೂ ಮರೆಯುವುದೇಕೆ? ದಿರ್ಹಮಿನ ಮೇಲಿರುವ ಭಯ ಜೀವದ ಮೇಲಿಲ್ಲವೇ?

ಅಪಘಾತದ ಮನೆಗೆ ಹೋದಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಎಲ್ಲವೂ ತಕ್ದೀರ್. ದುಃಖದಲ್ಲಿರುವವರಿಗೆ ಆ ಮಾತು ಸಾಂತ್ವನ, ಅದರಲ್ಲಿ ತಪ್ಪಿಲ್ಲ. ಆದರೆ ಡಿಕ್ಕಿ ಹೊಡೆದವನೇ ಅದನ್ನು ಗುರಾಣಿಯಂತೆ ಹಿಡಿಯಬಾರದು. ಪ್ಲೇಗು ಹರಡಿದ್ದ ಶಾಮ್ ಪ್ರದೇಶಕ್ಕೆ ಹೋಗದೆ ಹಿಂದಿರುಗಿದ ಖಲೀಫಾ ಉಮರ್(ರ)ರನ್ನು, ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಕೇಳಲಾಗಿತ್ತು. ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂಬುದು ಅವರ ಉತ್ತರದ ಸಾರ. ಫೋನು ಕೆಳಗಿಡುವುದೂ ಅಂತಹುದೇ ಒಂದು ಹಿಂದಿರುಗುವಿಕೆ.

ಶರೀಅತ್ತಿನ ನಿಲುವು ಇಲ್ಲಿ ಸ್ಪಷ್ಟವಿದೆ. ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1993ರ ಜೂನ್ ತಿಂಗಳಲ್ಲಿ ಬ್ರೂನೈಯಲ್ಲಿ ಸೇರಿದ್ದಾಗ ವಾಹನ ಅಪಘಾತಗಳ ಬಗ್ಗೆ ನಿರ್ಣಯ ಕೈಗೊಂಡಿತು. ಶರೀಅತ್ತಿಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯವೆಂದೂ, ವಾಹನದಿಂದಾಗುವ ಹಾನಿಗೆ ಚಾಲಕನೇ ಹೊಣೆಯೆಂದೂ ಅದು ಹೇಳುತ್ತದೆ. ತಡೆಯಲಾಗದ ಪ್ರಸಂಗ, ಸಂತ್ರಸ್ತನದೇ ತಪ್ಪು, ಅಥವಾ ಬೇರೊಬ್ಬನ ತಪ್ಪು ಇದ್ದಾಗ ವಿನಾಯಿತಿ ಉಂಟು. ಮೊಬೈಲಿನ ಕರೆಯನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸುವುದು?

ಉದ್ದೇಶವಿಲ್ಲದೆ ಒಂದು ಜೀವ ತೆಗೆದವನು ಏನು ಮಾಡಬೇಕೆಂಬುದನ್ನು ಸೂರಃ ಅನ್ನಿಸಾದ 92ನೇ ಸೂಕ್ತ ಹೇಳುತ್ತದೆ. ಮೃತನ ಕುಟುಂಬದವರು ಬಿಟ್ಟುಕೊಡದಿದ್ದರೆ ಅವರಿಗೆ ಪರಿಹಾರಧನ. ಜೊತೆಗೆ ಒಬ್ಬ ಗುಲಾಮನ ವಿಮೋಚನೆ, ಅದು ಸಾಧ್ಯವಿಲ್ಲದವನಿಗೆ ಎಡೆಬಿಡದೆ ಎರಡು ತಿಂಗಳ ಉಪವಾಸ. ಗುಲಾಮಗಿರಿ ಇಲ್ಲದ ಈ ಕಾಲದಲ್ಲಿ ಉಳಿಯುವುದು ಉಪವಾಸ. ಒಬ್ಬರಿಗಿಂತ ಹೆಚ್ಚು ಮಂದಿ ಸತ್ತಿದ್ದರೆ ಒಂದೊಂದು ಜೀವಕ್ಕೂ ಬೇರೆ ಬೇರೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ವಿಮಾ ಕಂಪೆನಿ ಹಣ ಕಟ್ಟಿತು, ಕೋರ್ಟಿನಲ್ಲಿ ಕೇಸು ಮುಗಿಯಿತು ಎಂದು ನಿಶ್ಚಿಂತರಾಗುವವರು ನಮ್ಮಲ್ಲಿದ್ದಾರೆ. ವಿಮಾ ಕಂಪೆನಿ ಯಾರ ಪರವಾಗಿಯೂ ಉಪವಾಸ ಹಿಡಿಯುವುದಿಲ್ಲ.

ಇಷ್ಟರ ತನಕ ಚಾಲಕನ ಮಾತಾಯಿತು. ಕರೆ ಮಾಡುವವರ ಪಾಲೂ ಇದರಲ್ಲಿದೆ, ಮನೆಯಲ್ಲಿರುವ ತಾಯಂದಿರು ಮತ್ತು ಸಹೋದರಿಯರು ಇದನ್ನು ಗಮನಿಸಬೇಕು. ಮಗ ಬೈಕಿನಲ್ಲಿ ಹೊರಟಿದ್ದಾನೆಂದು ಗೊತ್ತಿದ್ದೂ ಎಲ್ಲಿಗೆ ಮುಟ್ಟಿದೆ ಎಂದು ಕೇಳಲು ಫೋನು. ಎತ್ತದಿದ್ದರೆ ಮತ್ತೆ, ಮತ್ತೆ. ಪ್ರೀತಿಯಿಂದಲೇ ಮಾಡುವುದು, ಆದರೆ ಆ ಪ್ರೀತಿ ಅವನನ್ನು ಅಪಾಯಕ್ಕೆ ನೂಕುತ್ತದೆ. ಇನ್ನೊಬ್ಬರ ಮನೆಯ ಬಾಗಿಲಲ್ಲಿ ಮೂರು ಸಲ ಅನುಮತಿ ಕೇಳಿ ಉತ್ತರ ಸಿಗದಿದ್ದರೆ ಹಿಂದಿರುಗಬೇಕೆಂದು ಹದೀಸ್ ಕಲಿಸುತ್ತದೆ. ಮರಳಿ ಹೋಗಿರೆಂದರೆ ಮರಳುವುದೇ ಹೆಚ್ಚು ಪರಿಶುದ್ಧವೆಂದು ಸೂರಃ ಅನ್ನೂರ್‌ನಲ್ಲಿದೆ. ಫೋನು ಕೂಡಾ ಒಂದು ಬಾಗಿಲೇ. ಗಲ್ಫಿನಿಂದ ಕರೆ ಮಾಡುವ ತಂದೆಯೂ ಮೊದಲು ಕೇಳಬೇಕಾದ ಪ್ರಶ್ನೆ, "ಗಾಡಿಯಲ್ಲಿದ್ದೀಯಾ?" ಹೌದೆಂದರೆ ಸಲಾಮ್ ಹೇಳಿ ಇಟ್ಟುಬಿಡುವುದು.

ಈಗ ನನ್ನ ಮೊಬೈಲು ಸ್ಕೂಟರಿನ ಸೀಟಿನ ಕೆಳಗೆ ಪೆಟ್ಟಿಗೆಯೊಳಗೆ ಹೋಗುತ್ತದೆ. ಬೆಳಿಗ್ಗೆ ಏಳು ಗಂಟೆಯ ಮೊದಲು ಕರೆ ಮಾಡಿದರೆ ಉತ್ತರ ಸಿಗದೆಂದು ಮಕ್ಕಳ ಮನೆಯವರಿಗೆಲ್ಲ ತಿಳಿಸಿದ್ದೇನೆ. ರಜೆಯಿದ್ದರೆ ಹಿಂದಿನ ದಿನವೇ ಹೇಳಿ ಕಳಿಸುತ್ತೇನೆ. ಆದರೆ ಮನುಷ್ಯನ ಹಕ್ಕಿನಲ್ಲಿ ಆದ ತಪ್ಪಿಗೆ ಆ ಮನುಷ್ಯನ ಕ್ಷಮೆಯೂ ಬೇಕು. ಅಂದೇ ಹುಡುಗನ ಮನೆಗೆ ಹೋಗಿ, ಅವನ ತಂದೆಯ ಎದುರಿನಲ್ಲೇ, ತಪ್ಪು ನನ್ನದೆಂದು ಹೇಳಿದೆ. ಹುಡುಗ ನಾಚಿ ತಾಯಿಯ ಹಿಂದೆ ಅಡಗಿದ. ಒದ್ದೆಯಾದ ಕಿತಾಬಿನ ಹಾಳೆಗಳು ಒಲೆಯ ಹತ್ತಿರ ಒಣಗುತ್ತಿದ್ದವು.