ಬಾಟಲಿ ತೆಗೆಯುವ ಮುಂಚೆ ತಟ್ಟೆ ಹಾಕಿ

ಮೊದಲೇ ಹೇಳಿಬಿಡುತ್ತೇನೆ, ಕುಡಿಯದವರು ಇದನ್ನು ಓದಿ ಕುಡಿಯಲು ಶುರುಮಾಡಬೇಕಾಗಿಲ್ಲ. ಕುಡಿಯದಿದ್ದರೆ ಯಾವ ನಷ್ಟವೂ ಇಲ್ಲ. ನನ್ನ ಮಾತೇನಿದ್ದರೂ ಈಗಾಗಲೇ ಮನೆಗೆ ವೈನ್ ತರುತ್ತಿರುವವರಿಗೆ. ಯಲಹಂಕ ನ್ಯೂ ಟೌನ್‌ನಿಂದ ಆರ್.ಟಿ. ನಗರದವರೆಗೆ ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ ಈಗ ಒಬ್ಬರಾದರೂ ಬಣ್ಣದ ಚೀಲದಲ್ಲಿ ಒಂದು ಬಾಟಲಿ ಹಿಡಿದುಕೊಂಡೇ ಬರುತ್ತಾರೆ. ತರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಬಾಟಲಿಯನ್ನು ನೀವು ನಡೆಸಿಕೊಳ್ಳುವ ರೀತಿ ಇದೆಯಲ್ಲ, ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

ನಮ್ಮ ಕಡೆಯ ಪಾರ್ಟಿಯ ಕ್ರಮ ನಿಮಗೇ ಗೊತ್ತು. ಏಳೂವರೆಗೆ ಗ್ಲಾಸು, ನೆಂಚಿಕೊಳ್ಳಲು ಚಿಪ್ಸು, ಹತ್ತೂವರೆಗೆ ‘ಊಟಕ್ಕೆ ಏಳೋಣವಾ’ ಎಂಬ ಮಾತು, ಹನ್ನೊಂದಕ್ಕೆ ಆರಿ ತಣ್ಣಗಾದ ಬಿರಿಯಾನಿ. ವಿಸ್ಕಿಯಿಂದ ಕಲಿತ ಈ ಚಾಳಿಯನ್ನು ವೈನ್‌ಗೂ ಅಂಟಿಸಿದ್ದೀರಿ. ವೈನ್ ಊಟದ ಜೊತೆಯದು. ಅದರ ಹುಳಿಯೂ ಒಗರೂ ಎಣ್ಣೆ, ಕಾಳು, ಮಾಂಸದ ಜೊತೆ ಸೇರಿದಾಗಲೇ ಹದಕ್ಕೆ ಬರುವುದು. ಬರೀ ಬಾಯಿಗೆ ಸುರಿದುಕೊಂಡು ‘ಥೂ, ಏನಿದು ಹುಳಿ ಹುಳಿ’ ಎಂದು ಮೂತಿ ತಿರುವಿ, ಅದಕ್ಕೆ ಸ್ಪ್ರೈಟ್ ಬೆರೆಸುವವರನ್ನು ಕಣ್ಣಾರೆ ಕಂಡಿದ್ದೇನೆ. ತಪ್ಪು ವೈನಿನದಲ್ಲ. ಎಂಟು ಗಂಟೆಗೆ ತಟ್ಟೆ ಹಾಕಿ, ಬಡಿಸಿ, ಆಮೇಲೆ ಬಾಟಲಿ ತೆಗೆಯಿರಿ. ಹೊಟ್ಟೆಯಲ್ಲಿ ಅನ್ನ ಇದ್ದರೆ ಅಮಲು ರಕ್ತಕ್ಕೆ ಏರುವುದು ನಿಧಾನವಾಗುತ್ತದೆ, ಮಾತೂ ಹದ್ದು ಮೀರುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದು ಸುಮ್ಮನೆ ಅಲ್ಲ.

‘ಬರೀ ವೈನ್ ತಾನೇ ಆಂಟಿ, ದ್ರಾಕ್ಷಿ ರಸ’ ಅನ್ನುತ್ತೀರಿ. ಕೂತು ಲೆಕ್ಕ ಹಾಕೋಣ ಬನ್ನಿ. ಬಾಟಲಿ 750 ಮಿ.ಲೀ. ಅದರಲ್ಲಿ ಮದ್ಯಸಾರ ಸುಮಾರು ಶೇ. 12ರಿಂದ 14. ಅಂದರೆ ಒಂದು ಬಾಟಲಿಯಲ್ಲಿ ತೊಂಬತ್ತು ಮಿ.ಲೀ.ಗೂ ಮೀರಿ ಶುದ್ಧ ಮದ್ಯಸಾರ ಇರುತ್ತದೆ. ನೀವು ಹೆಸರೆತ್ತಿದರೆ ಮೂಗು ಮುರಿಯುವ 180 ಮಿ.ಲೀ. ಕ್ವಾರ್ಟರ್ ವಿಸ್ಕಿಯಲ್ಲಿ ಇರುವುದು ಎಪ್ಪತ್ತೇಳರಷ್ಟು. ಒಬ್ಬರೇ ಕೂತು ಒಂದು ಬಾಟಲಿ ವೈನ್ ಮುಗಿಸಿದವರು ಕ್ವಾರ್ಟರ್ ಹಾಕಿದವರಿಗಿಂತ ಹೆಚ್ಚೇ ಕುಡಿದಿರುತ್ತಾರೆ, ಎದ್ದು ನಿಂತಾಗ ಗೊತ್ತಾಗುತ್ತದೆ ಅಷ್ಟೇ. 150 ಮಿ.ಲೀ. ಒಂದು ಗ್ಲಾಸ್ ಎಂದರೆ ಒಂದೂವರೆ ಸ್ಮಾಲ್ ಪೆಗ್. ಹಾಗಾಗಿ ಒಂದು ಬಾಟಲಿ ಐದು ಜನಕ್ಕೆ ಎಂದು ಇಟ್ಟುಕೊಳ್ಳಿ. ಒಂದು ಗುಟುಕು ವೈನಿಗೆ ಎರಡು ಗುಟುಕು ನೀರು ಕುಡಿಯಿರಿ. ಮೇಜಿನ ಮೇಲೆ ನೀರಿನ ಜಗ್ ಇಡದ ಮನೆಯಲ್ಲಿ ನಾನು ವೈನ್ ಮುಟ್ಟುವುದಿಲ್ಲ.

ಇನ್ನು ಯಾವ ವೈನ್ ತರಬೇಕು ಎಂಬ ಪ್ರಶ್ನೆ. ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಕೊಂಡ ಫ್ರೆಂಚ್ ಬಾಟಲಿಯನ್ನು ಷೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿದ್ದೀರಿ, ಆದರೆ ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ತೋಟ ನೋಡಿಲ್ಲ. ಹಿತ್ತಲ ಗಿಡ ಮದ್ದಲ್ಲ! ಯಲಹಂಕದಿಂದ ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ದೇವನಹಳ್ಳಿ ರಸ್ತೆ ಹಿಡಿದರೆ ರಘುನಾಥಪುರದಲ್ಲಿ ಗ್ರೋವರ್ ಅವರ ದ್ರಾಕ್ಷಿ ತೋಟ ಸಿಗುತ್ತದೆ. ಕನ್ವಲ್ ಗ್ರೋವರ್ 1988ರಲ್ಲಿ ಕಂಪನಿ ಕಟ್ಟಿದಾಗ ನಂದಿ ಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಳಿ ಬೆಳೆಯುತ್ತೇನೆ ಎಂದರೆ ನಂಬುವವರು ಕಡಿಮೆ. ವೈನಿಗೆ ಹೆಸರಾದ ದೇಶಗಳೆಲ್ಲ ಹೆಚ್ಚಾಗಿ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ, ನಾವಿರುವುದು 13ರಲ್ಲಿ. ನಮ್ಮನ್ನು ಕಾಯ್ದಿದ್ದು ಎತ್ತರ. ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ರಾತ್ರಿ ತಂಪು, ಅದರಿಂದ ಹಣ್ಣಿನ ಹುಳಿ ಉಳಿಯುತ್ತದೆ. ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲದ ಕಾರಣ ವರ್ಷಕ್ಕೆ ಎರಡು ಸಲ ಸವರುತ್ತಾರೆ, ಶಿವರಾತ್ರಿಯ ಆಸುಪಾಸಿನಲ್ಲಿ ಕೊಯ್ಲು. ಫ್ರಾನ್ಸಿನ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆ ಕೊಟ್ಟ ತೋಟ ಅದು. ಅವರ ‘ಲಾ ರಿಸರ್ವ್’ ಎಂಬ ಕೆಂಪು ವೈನಿನಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ಎರಡೂ ಇವೆ. 2012ರಲ್ಲಿ ಝಾಂಪಾ ಎಂಬ ವೈನಿನವರ ಜೊತೆ ಸೇರಿದ ಮೇಲೆ ಕಂಪನಿಯ ಹೆಸರು ಗ್ರೋವರ್ ಝಾಂಪಾ ಆಗಿದೆ. ಮುಂಚೆ ಫೋನ್ ಮಾಡಿ ಹೋದರೆ ತೋಟ, ಪೀಪಾಯಿ ಎಲ್ಲ ತೋರಿಸಿ ರುಚಿಗೆ ಕೊಡುತ್ತಾರೆ. ಕೊಟ್ಟಿದ್ದನ್ನೆಲ್ಲ ನುಂಗಬೇಕೆಂದಿಲ್ಲ. ರುಚಿ ನೋಡಿ ಉಗುಳಲೆಂದೇ ಪಾತ್ರೆ ಇಟ್ಟಿರುತ್ತಾರೆ, ನಾಚಿಕೆ ಬೇಡ, ಪಳಗಿದವರು ಮಾಡುವುದೇ ಹಾಗೆ.

ದೇವನಹಳ್ಳಿ, ಚಿಕ್ಕಬಳ್ಳಾಪುರದ ಚಪ್ಪರಗಳಲ್ಲಿ ನೀವು ಕಾಣುವ ಕಪ್ಪು ದ್ರಾಕ್ಷಿ ಬೇರೆ. ಅದು ಬೆಂಗಳೂರು ಬ್ಲೂ, ಜಿಐ ಟ್ಯಾಗ್ ಪಡೆದ ನಮ್ಮದೇ ಹಣ್ಣು. ಜ್ಯೂಸಿಗೆ, ಜಾಮಿಗೆ, ಸಿಹಿ ಪೋರ್ಟ್ ವೈನಿಗೆ ಅದೇ ಆಗಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನೇ ಬ್ಲ್ಯಾಕ್ ಚಂಪಾ ಜೊತೆ ಕೂಡಿಸಿ ಅರ್ಕ ಶ್ಯಾಮ್ ಮಾಡಿದ್ದಾರೆ, ವೈನಿಗೆಂದೇ ಹೊಂದುವ ಅರ್ಕ ಸೋಮ, ಅರ್ಕ ತೃಷ್ಣ ಎಂಬ ತಳಿಗಳನ್ನೂ ಕೊಟ್ಟಿದ್ದಾರೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದು ವೈನ್ ಮಂಡಳಿಯನ್ನೂ ಮಾಡಿತು. ಇಷ್ಟೆಲ್ಲ ಇರುವಾಗ ಸಾಲ ಮಾಡಿ ಇಟಲಿಯ ಬಾಟಲಿ ತರುವುದು ಯಾರನ್ನು ಮೆಚ್ಚಿಸಲು? ಹಾಸಿಗೆ ಇದ್ದಷ್ಟು ಕಾಲು ಚಾಚಿ.

ತಂದದ್ದನ್ನು ಕೆಡಿಸುವುದರಲ್ಲಂತೂ ನೀವು ನಿಸ್ಸೀಮರು. ಬಿಸಿಲು ಬೀಳುವ ಷೋಕೇಸು, ಒಲೆಯ ಮೇಲಿನ ಶೆಲ್ಫು, ಫ್ರಿಜ್ಜಿನ ನೆತ್ತಿ ಈ ಮೂರೂ ವೈನಿಗೆ ಆಗದ ಜಾಗ. ಕತ್ತಲಿರುವ, ತಂಪಾದ ಮೂಲೆ ನೋಡಿ. ಬಿರಡೆ ಹಾಕಿದ ಬಾಟಲಿಯನ್ನು ಮಲಗಿಸಿಡಿ, ಇಲ್ಲದಿದ್ದರೆ ಬಿರಡೆ ಒಣಗಿ ಗಾಳಿ ನುಗ್ಗುತ್ತದೆ. ತಿರುಪಿನ ಮುಚ್ಚಳದ್ದಾದರೆ ನಿಲ್ಲಿಸಿದರೂ ನಡೆಯುತ್ತದೆ. ಅಂಗಡಿಯಲ್ಲೇ ಧೂಳು ಹಿಡಿದು ಬಿಸಿಲಲ್ಲಿ ನಿಂತಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಮಾತನ್ನೂ ತಲೆಯಿಂದ ತೆಗೆಯಿರಿ. ಚೀಟಿಯ ಮೇಲೆ ಕೊಯ್ಲಿನ ವರ್ಷ ಇರುತ್ತದೆ. ನಮ್ಮಲ್ಲಿ ಸಿಗುವ ಬಿಳಿ ವೈನನ್ನು ಎರಡು ವರ್ಷದೊಳಗೆ ಕುಡಿದು ಮುಗಿಸುವುದೇ ಜಾಣತನ. ಮಗನ ಮದುವೆಗೆ ಇರಲಿ ಎಂದು ಅಟ್ಟದ ಮೇಲಿಟ್ಟರೆ ಮದುವೆಯ ದಿನ ವಿನೆಗರ್ ಬಡಿಸುತ್ತೀರಿ. ಬಿಳಿ ವೈನನ್ನು ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಡಿ. ಕೆಂಪು ವೈನಿಗೆ ‘ರೂಮ್ ಟೆಂಪರೇಚರ್’ ಎಂದು ಪುಸ್ತಕದಲ್ಲಿ ಬರೆದಿರುವುದು ಯೂರೋಪಿನ ತಣ್ಣನೆ ಕೋಣೆಯನ್ನು ನೋಡಿ, ಏಪ್ರಿಲ್ ತಿಂಗಳ ಯಶವಂತಪುರದ ಮೂರನೇ ಮಹಡಿಯನ್ನು ನೋಡಿ ಅಲ್ಲ. ಅದನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಐಸ್ ಮಾತ್ರ ಹಾಕಬೇಡಿ. ಮಿಕ್ಕಿದ್ದನ್ನು ಬಿರಡೆ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಇರುತ್ತದೆ, ಆಮೇಲೆ ಕೋಳಿ ನೆನೆಸಲು ಬಳಸಿಕೊಳ್ಳಿ.

ರುಚಿ ನೋಡುವುದು ಮೂಗಿನಿಂದ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿದು, ಕಾಲು ಹಿಡಿದು ಮೆಲ್ಲಗೆ ತಿರುಗಿಸಿ, ಮೂಗು ಇಳಿಸಿ, ನಿಧಾನವಾಗಿ ಉಸಿರೆಳೆಯಿರಿ. ಆಮೇಲೆ ಒಂದು ಸಣ್ಣ ಗುಟುಕನ್ನು ನಾಲಿಗೆಯ ಮೇಲೆಲ್ಲ ಆಡಿಸಿ. ಹುಳಿ ಇದ್ದರೆ ಕೆನ್ನೆಯ ಒಳಗೆ ನೀರೂರುತ್ತದೆ. ಕೆಂಪು ವೈನಿನಲ್ಲಿ ಸಿಪ್ಪೆ, ಬೀಜದ ಒಗರು ಇರುತ್ತದೆ, ಹೆಚ್ಚು ಹೊತ್ತು ಕುದಿದ ಟೀ ಡಿಕಾಕ್ಷನ್‌ನಂತೆ ವಸಡು ಹಿಡಿಯುತ್ತದೆ. ಇದಿಷ್ಟು ಗೊತ್ತಾದರೆ ಸಾಕು. ‘ಚೆರ್ರಿ, ಚರ್ಮ, ಮಳೆಗಾಲದ ಕಾಡು’ ಎಂದೆಲ್ಲ ಹೇಳಲೇಬೇಕೆಂಬ ಕಾನೂನಿಲ್ಲ, ನಿಮಗೆ ನೇರಳೆಹಣ್ಣು ನೆನಪಾದರೆ ನೇರಳೆಹಣ್ಣು ಅನ್ನಿ. ಒಂದೇ ಗುಕ್ಕಿಗೆ ಎತ್ತುವವರಿಗೆ ಏನು ಹೇಳಲಿ, ಆತುರಗಾರನಿಗೆ ಬುದ್ಧಿ ಮಟ್ಟ. ಅಂದ ಹಾಗೆ, ಆವತ್ತು ಮುಡಿ ತುಂಬ ಮಲ್ಲಿಗೆ, ಮೈಗೆ ಸೆಂಟು, ಮೂಲೆಯಲ್ಲಿ ಊದುಬತ್ತಿ ಬೇಡ. ಅಡುಗೆಮನೆಯಲ್ಲಿ ಒಣಮೆಣಸಿನ ಒಗ್ಗರಣೆಯ ಘಾಟು ಎದ್ದಿದ್ದರೆ ಬಾಲ್ಕನಿಗೆ ಹೋಗಿ ಮೂಸಿ.

ಈಗ ನನಗೆ ಇಷ್ಟವಾದ ವಿಷಯ, ಊಟ. ನಮ್ಮ ಅಡುಗೆಗೂ ವೈನಿಗೂ ಆಗಿಬರುವುದಿಲ್ಲ ಎನ್ನುವವರು ಸರಿಯಾಗಿ ಬಡಿಸಿ ನೋಡಿಲ್ಲ. ಕಷ್ಟ ಇರುವುದು ಖಾರ ಮತ್ತು ಹುಣಸೆಯಲ್ಲಿ. ಮದ್ಯಸಾರವೂ ಒಗರೂ ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಖಾರದ ಊಟಕ್ಕೆ ಒಗರು ಕಡಿಮೆಯ, ತುಸು ಸಿಹಿಯ, ಚೆನ್ನಾಗಿ ತಣಿಸಿದ ವೈನ್ ಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದ ದಿನ ಶೆನಿನ್ ಬ್ಲಾಂ ಇಟ್ಟು ನೋಡಿ. ಸೊಗಡಿನ ಅವರೆಗೆ, ಸಾರಿನ ತೆಂಗಿನಕಾಯಿಗೆ ಅದರ ಮೆದು ಸಿಹಿ ಚೆನ್ನಾಗಿ ಕೂಡುತ್ತದೆ. ದೊನ್ನೆ ಬಿರಿಯಾನಿಯ ಪುದೀನ, ಕೊತ್ತಂಬರಿಗೆ ತಣ್ಣನೆಯ ರೋಸೆ. ಕೋಸಂಬರಿಗೆ, ನಿಂಬೆ ಹಿಂಡಿದ ಮೀನು ಫ್ರೈಗೆ ಸೋವಿನ್ಯೋನ್ ಬ್ಲಾಂ. ನೊರೆಯೇಳುವ ಸ್ಪಾರ್ಕ್ಲಿಂಗ್ ವೈನ್ ಜೊತೆಗೆ ಏನು ಕೊಡಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ಕಾಂಗ್ರೆಸ್ ಕಡಲೆಬೀಜ, ನಿಪ್ಪಟ್ಟು, ಕೋಡುಬಳೆ ಸಾಕು. ಉಪ್ಪಿಗೂ ಎಣ್ಣೆಗೂ ಆ ಗುಳ್ಳೆಯೇ ಮದ್ದು, ಚೀಸ್ ತರಲು ಮಾಲ್ ಸುತ್ತಬೇಕಿಲ್ಲ. ಬೀಗರ ಊಟದ ಮಟನ್ ಸಾರು, ಕೈಮ ಉಂಡೆಗೆ ಶಿರಾಜ್ ಸರಿ. ಮಾಂಸದ ಕೊಬ್ಬು ಒಗರನ್ನು ಮೆದುಮಾಡುತ್ತದೆ. ಖಾರ ಮಾತ್ರ ಒಂದು ಹಿಡಿ ಕಡಿಮೆ ಮಾಡಿ.

ಆಗದವನ್ನೂ ಹೇಳಿಬಿಡುತ್ತೇನೆ. ಬಸ್ಸಾರು, ಉಪ್ಸಾರಿನ ಖಾರ, ತಿಳಿಸಾರು, ಉಪ್ಪಿನಕಾಯಿ, ಮೊಸರನ್ನ ಇವು ಬಂದಾಗ ಗ್ಲಾಸು ಪಕ್ಕಕ್ಕೆ ಸರಿಯಲಿ. ಒಬ್ಬಟ್ಟಿನ ಮೇಲೆ ಸಿಹಿಯಿಲ್ಲದ ವೈನ್ ಕುಡಿದರೆ ಎರಡೂ ಕೆಟ್ಟವು. ಒಬ್ಬಟ್ಟಿಗೆ ತುಪ್ಪ ಇದೆ, ಅಷ್ಟು ಸಾಕು.

ನೆಂಟರಿಷ್ಟರ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮನೆಯಲ್ಲಿ ಅತ್ತೆ ಮಾವ ಇದ್ದರೆ ಮೊದಲು ಅವರನ್ನು ಕೇಳಿ. ಬೇಡ ಅಂದರೆ ಬೇಡ, ಹಬ್ಬದ ದಿನವಂತೂ ಮಾತೇ ಇಲ್ಲ. ಕುಡಿಯದವರಿಗೆ ನಿಂಬೆ ಪಾನಕವನ್ನೋ ಬೆಂಗಳೂರು ಬ್ಲೂ ರಸವನ್ನೋ ಅದೇ ಚಂದದ ಗ್ಲಾಸಿನಲ್ಲಿ ಕೊಡಿ. ‘ಒಂದು ಗುಟುಕು ತಗೊಳ್ಳಿ, ಏನಾಗಲ್ಲ’ ಎಂದು ಒತ್ತಾಯ ಮಾಡುವುದು ಉಪಚಾರವಲ್ಲ. ಅವರಿಗೆ ಕಾಯಿಲೆ ಇರಬಹುದು, ವ್ರತ ಇರಬಹುದು, ಕಷ್ಟಪಟ್ಟು ಬಿಟ್ಟಿರಲೂಬಹುದು, ಕಾರಣ ಕೇಳುವ ಹಕ್ಕು ನಿಮಗಿಲ್ಲ. ಇಪ್ಪತ್ತೊಂದು ತುಂಬದ ಮಕ್ಕಳಿಗೆ ‘ರುಚಿ ನೋಡಲಿ’ ಎಂದು ಕೊಡಬೇಡಿ. ಬಸುರಿಯರಿಗೆ ಒಂದು ತೊಟ್ಟೂ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ, ನಿದ್ದೆ ಮಾತ್ರೆ, ಆಂಟಿಬಯೋಟಿಕ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಗ್ಲಾಸು ಮುಟ್ಟಬಾರದು. ‘ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ’ ಎಂದು ನನ್ನ ಮುಂದೆ ಹೇಳಬೇಡಿ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ನೇರವಾಗಿಯೇ ಹೇಳಿದೆ. ರುಚಿಗೆ ಕುಡಿಯುತ್ತೀರಿ, ಸಂತೋಷ. ಔಷಧಿಯ ನೆಪ ಬೇಡ. ಇನ್ನು ಅಮಲಿನಲ್ಲಿ ಬೀಗರ ಮುಂದೆ ಆಡಿದ ಒಂದು ಮಾತು ವರ್ಷಗಟ್ಟಲೆ ಮನೆಮನೆ ಸುತ್ತುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಎರಡನೇ ಗ್ಲಾಸಿಗೆ ಕೈ ಮುಚ್ಚುವುದನ್ನು ಕಲಿಯಿರಿ.

ಕೊನೆಗೆ ಗಾಡಿಯ ವಿಷಯ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಸಣ್ಣ ಮೈಕಟ್ಟಿನವರಿಗೆ ಒಂದು ಗ್ಲಾಸಿಗೇ ಅದು ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಹೇಗೋ ಕಟ್ಟಬಹುದು, ರಾತ್ರಿ ಹನ್ನೊಂದರ ಮೇಲೆ ಹೆಬ್ಬಾಳ ಫ್ಲೈಓವರ್ ಇಳಿಯುವ ವೇಗವನ್ನು ನೆನೆಸಿಕೊಳ್ಳಿ. ಹಾಗಾಗಿ ಯಾರನ್ನು ಕರೆದರೂ ‘ಕ್ಯಾಬಿನಲ್ಲಿ ಬನ್ನಿ’ ಎಂದು ಕರೆಯುವಾಗಲೇ ಹೇಳಿ. ಗಾಡಿ ತಂದವರಿದ್ದರೆ ಬಾಗಿಲಲ್ಲೇ ಕೀ ಇಸಿದುಕೊಂಡು ನಿಮ್ಮ ಬೀರುವಿನಲ್ಲಿಡಿ. ಹೋಗುವಾಗ ಎಷ್ಟು ಗೋಗರೆದರೂ ಕೊಡಬೇಡಿ, ಹಜಾರದಲ್ಲಿ ಒಂದು ಚಾಪೆ ಹಾಸಿ ಮಲಗಿಸಿ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ, ಬೆಳಿಗ್ಗೆ ಬಿಸಿ ಇಡ್ಲಿ ಕೊಟ್ಟು ಕೀ ವಾಪಸ್ ಕೊಡಿ.