ಕಚೇರಿಯಲ್ಲಿ ಬೆಂಕಿ ಸುರಕ್ಷತೆ: ಕೇಳಿ ಪಡೆಯಬೇಕಾದ ಹಕ್ಕು

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡು 9 ಮಂದಿ ಪ್ರಾಣ ಕಳೆದುಕೊಂಡರು. ಜನರನ್ನು ಕಂಗೆಡಿಸಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಉಸಿರುಕಟ್ಟಿ, ದಾರಿ ಕಾಣದೆ ಕೆಲವರು ಮೇಲಿನ ಮಹಡಿಗಳ ಕಿಟಕಿಯಿಂದ ಹಾರಿದರು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಅಪಾಯವೆಲ್ಲಿಯದು ಎಂಬ ನಂಬಿಕೆ ಅಂದೇ ಸುಳ್ಳಾಯಿತು. ಆದರೂ ತುರ್ತು ನಿರ್ಗಮನ ದ್ವಾರ ಎಲ್ಲಿದೆ ಎಂದು ಕೇಳಿದರೆ ತಡವರಿಸುವ ನೌಕರರು ಇಂದಿಗೂ ಬಹಳ. ಬೆಂಕಿ ಸುರಕ್ಷತೆ ಮಾಲೀಕರು ತೋರುವ ಔದಾರ್ಯವಲ್ಲ, ಕಾನೂನು ಅವರಿಗೆ ವಿಧಿಸಿದ ಕರ್ತವ್ಯ.

ಕಾನೂನು ಏನು ಹೇಳುತ್ತದೆ?

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಎಂಬ ಕಾನೂನು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 10 ಅಥವಾ ಹೆಚ್ಚು ಕೆಲಸಗಾರರಿರುವ ಖಾಸಗಿ ಕಚೇರಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಸರ್ಕಾರಿ ಕಚೇರಿಗಳಿಗೆ ಇದು ಅನ್ವಯಿಸುವುದಿಲ್ಲ.

• ಕಲಂ 6: ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿ ಇಡುವುದು ಮಾಲೀಕರ ಹೊಣೆ. ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ನೌಕರರಿಂದ ಹಣ ಪಡೆಯುವಂತಿಲ್ಲ.
• ಕಲಂ 13: ಅಸುರಕ್ಷಿತ ಸ್ಥಿತಿ ಕಣ್ಣಿಗೆ ಬಿದ್ದರೆ ವರದಿ ಮಾಡುವುದು ನೌಕರರ ಕರ್ತವ್ಯ.
• ಕಲಂ 14: ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವುದು ನೌಕರರ ಹಕ್ಕು. ಪ್ರಾಣಾಪಾಯ ಸನ್ನಿಹಿತವಾಗಿದೆ ಎನಿಸಿದರೆ ಮಾಲೀಕರ ಜೊತೆಗೆ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ ಅವರಿಗೂ ತಿಳಿಸಬಹುದು.

ಬಹುಮಹಡಿ ಕಟ್ಟಡಗಳಲ್ಲಿ ಮೊದಲ 2 ವರ್ಷ ಕನಿಷ್ಠ 3 ತಿಂಗಳಿಗೊಮ್ಮೆ, ಆನಂತರ ಕನಿಷ್ಠ 6 ತಿಂಗಳಿಗೊಮ್ಮೆ ಅಣಕು ತೆರವು ಕಾರ್ಯಾಚರಣೆ ನಡೆಯಬೇಕೆಂಬುದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾರ್ಗಸೂಚಿ. ನಿಮ್ಮ ಕಚೇರಿಯಲ್ಲಿ ಕೊನೆಯ ಮಾಕ್ ಡ್ರಿಲ್ ಯಾವಾಗ ನಡೆಯಿತು ಎಂದು ಕೇಳಲು ಇಷ್ಟು ಆಧಾರ ಸಾಕು.

ಕೇಳುವುದು ಹೇಗೆ?

ಬಾಯಿಮಾತು ದಾಖಲೆಯಾಗುವುದಿಲ್ಲ. ಎಚ್‌ಆರ್ ವಿಭಾಗಕ್ಕೆ ಇ-ಮೇಲ್ ಕಳಿಸಿ, ಇಲ್ಲವೇ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬರಹ ಹೀಗಿರಲಿ:

“3ನೇ ಮಹಡಿಯ ಹಿಂಬದಿ ಮೆಟ್ಟಿಲ ಬಳಿ ಹಳೆಯ ಕುರ್ಚಿ, ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಲಾಗಿದೆ. ತುರ್ತು ಬಾಗಿಲಿಗೆ ಬೀಗವಿದೆ. ಇವನ್ನು ತಕ್ಷಣ ತೆರವುಗೊಳಿಸಿ. ಕೊನೆಯ ಅಣಕು ಕಾರ್ಯಾಚರಣೆಯ ದಿನಾಂಕ ಹಾಗೂ ಮುಂದಿನ ತರಬೇತಿಯ ದಿನಾಂಕ ತಿಳಿಸಿ.”

ಉತ್ತರ ಬಾರದಿದ್ದರೆ ಫೋಟೊ ಮತ್ತು ಪತ್ರದ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಗೂ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೂ ದೂರು ಕೊಡಿ. ಕಟ್ಟಡಕ್ಕೆ ನೀಡಿರುವ ನಿರಾಕ್ಷೇಪಣಾ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಅಗ್ನಿಶಾಮಕ ಇಲಾಖೆಯಿಂದ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದ ಮೀರದಂತಿರಬೇಕು. ಉತ್ತರಕ್ಕೆ 30 ದಿನಗಳ ಗಡುವಿದೆ. ಸರ್ಕಾರಿ ಕಚೇರಿಯ ನೌಕರರಿಗೂ ಈ ದಾರಿ ತೆರೆದಿದೆ.

ತರಬೇತಿಯಲ್ಲಿ ಏನಿರಬೇಕು?

ಪರದೆಯ ಮೇಲೆ ಚಿತ್ರ ತೋರಿಸಿ, ಹಾಜರಿಗೆ ಸಹಿ ಹಾಕಿಸಿಕೊಂಡರೆ ತರಬೇತಿ ಮುಗಿಯುವುದಿಲ್ಲ. ಪ್ರತಿಯೊಬ್ಬರೂ ಮೆಟ್ಟಿಲಲ್ಲಿ ಇಳಿದು ಹೊರಗೆ ಗೊತ್ತುಮಾಡಿದ ಜಾಗದಲ್ಲಿ ಸೇರಬೇಕು, ಅಲ್ಲಿ ತಲೆ ಎಣಿಕೆ ಆಗಬೇಕು. ಅಗ್ನಿನಂದಕದ ಪಿನ್ ಕೀಳುವುದು, ಮೂತಿಯನ್ನು ಬೆಂಕಿಯ ಬುಡಕ್ಕೆ ಗುರಿಯಿಡುವುದು, ಹಿಡಿ ಒತ್ತಿ ಅತ್ತಿತ್ತ ಆಡಿಸುವುದು, ಇವೆಲ್ಲ ಕೈಯಾರೆ ಮಾಡಿ ಕಲಿಯಬೇಕಾದವು. ವಿದ್ಯುತ್ ಬೆಂಕಿಗೆ ನೀರು ಎರಚಬಾರದು, ಅದಕ್ಕೆ ಇಂಗಾಲದ ಡೈಆಕ್ಸೈಡ್ ನಂದಕ ಬೇಕು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು. ಹೊಗೆ ಕವಿದರೆ ಬಗ್ಗಿ ಸಾಗಬೇಕು. ಸಹಾಯಕ್ಕೆ 101 ಅಥವಾ 112ಕ್ಕೆ ಕರೆ ಮಾಡಬೇಕು.

ಅನಾಹುತವಾದರೆ?

ಕೆಲಸದ ವೇಳೆ ಗಾಯಗೊಂಡವರಿಗೆ, ಮೃತರ ಅವಲಂಬಿತರಿಗೆ ಇಎಸ್‌ಐ ಅಥವಾ ಸಾಮಾಜಿಕ ಭದ್ರತಾ ಸಂಹಿತೆಯ ನಿಯಮಗಳಂತೆ ಪರಿಹಾರ ಕೇಳುವ ಅವಕಾಶವಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಡಿ 5 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಹಿಂದೆ ಬರೆದ ದೂರಿನ ಪತ್ರ ಆಗ ಮುಖ್ಯ ಸಾಕ್ಷ್ಯವಾಗುತ್ತದೆ.

ಕೊನೆಯದಾಗಿ, ತರಬೇತಿಯ ಪಟ್ಟಿಯಲ್ಲಿ ಹೌಸ್‌ಕೀಪಿಂಗ್ ಮತ್ತು ಸೆಕ್ಯೂರಿಟಿ ಸಿಬ್ಬಂದಿಯ ಹೆಸರಿದೆಯೇ ನೋಡಿ. ಗುತ್ತಿಗೆ ನೌಕರರೆಂದು ಅವರನ್ನು ಕೈಬಿಡುವುದುಂಟು. ಆದರೆ ರಾತ್ರಿ ಪಾಳಿಯಲ್ಲಿ ಬಾಗಿಲ ಕೀಲಿ ಇರುವುದು ಅವರ ಬಳಿಯೇ. ಅವರನ್ನೂ ಸೇರಿಸಿ ಎಂಬ ಸಾಲು ನಿಮ್ಮ ಪತ್ರದಲ್ಲಿ ಇರಲೇಬೇಕು.